ರೋಮಿಯೊ–ಜೂಲಿಯೆಟ್ ಮಕ್ಕಳ ಚಿತ್ರವಾಗುವಾಗ ಕೊನೆಯನ್ನು ಬದಲಿಸಬಹುದೇ?

ಪ್ರಶ್ನೆ: ನಾವು ಕೆಲವು ಗೆಳೆಯರು ಸೇರಿ ಕಟ್ಟಿಕೊಂಡ ಸಣ್ಣ ಆನಿಮೇಷನ್ ತಂಡ. ‘ರೋಮಿಯೊ ಅಂಡ್ ಜೂಲಿಯೆಟ್’ ನಾಟಕವನ್ನು ಗಾಳಿಪಟಗಳ ಕಥೆಯಾಗಿ ಮಾರ್ಪಡಿಸಿ, ಎಂಬತ್ತು ನಿಮಿಷದ ಕುಟುಂಬಚಿತ್ರ ಮಾಡಬೇಕೆಂದಿದ್ದೇವೆ. ಒಂದೇ ಬೀದಿಯಲ್ಲಿ ಎದುರುಬದುರಾದ ಎರಡು ತಾರಸಿಗಳು, ಎರಡು ಮನೆಗಳ ಹಳೆಯ ಜಗಳ, ಆಷಾಢದ ಗಾಳಿ. ಪಟಗಳಿಗೆ ಜೀವವಿದೆ, ದಾರ ಮಾತ್ರ ಮನೆಯವರ ಕೈಯಲ್ಲಿದೆ. ಪ್ರೇಮಿಗಳು ಸಾಯಕೂಡದು ಎಂಬುದು ಹಣ ಹಾಕುವವರ ಷರತ್ತು. ಹಾಗೆ ಮಾಡಿದರೆ ಅದು ಮೂಲಕ್ಕೆ ಬಗೆದ ದ್ರೋಹ ಎಂದು ನಮ್ಮಲ್ಲೇ ಒಬ್ಬರು ಹಟ ಹಿಡಿದಿದ್ದಾರೆ. ಏಳೆಂಟು ವರ್ಷದ ಮಕ್ಕಳು ನೋಡುವ ಚಿತ್ರ. ಯಾರ ಮಾತು ಸರಿ?

ಉತ್ತರ: ಷರತ್ತನ್ನು ಒಪ್ಪಿಕೊಳ್ಳಿ. ಪ್ರೇಮಿಗಳು ಬದುಕಲಿ. ಅದಕ್ಕೆ ಪ್ರತಿಯಾಗಿ ನೀವೂ ಒಂದು ಷರತ್ತು ಮುಂದಿಡಿ: ಚಿತ್ರದಲ್ಲಿ ಯಾರೋ ಏನನ್ನೋ ಕಳೆದುಕೊಳ್ಳಬೇಕು, ಕೊನೆಯ ದೃಶ್ಯದವರೆಗೂ ಅದು ಮರಳಿ ಬರಕೂಡದು. ಎಷ್ಟು ಹೆಣ ಬಿದ್ದವು ಎಂಬ ಲೆಕ್ಕದಿಂದ ಮೂಲನಿಷ್ಠೆಯನ್ನು ಅಳೆಯಲಾಗದು. ಶೇಕ್ಸ್‌ಪಿಯರ್‌ನ ನಾಟಕದಲ್ಲಿ ಆರು ಸಾವುಗಳಿವೆ: ರೋಮಿಯೊನ ಗೆಳೆಯ ಮರ್ಕ್ಯೂಶಿಯೊ, ಜೂಲಿಯೆಟ್ಟಳ ಸೋದರಬಂಧು ಟಿಬಾಲ್ಟ್, ಅವಳಿಗೆ ಮನೆಯವರು ಗೊತ್ತುಮಾಡಿದ ವರ ಪ್ಯಾರಿಸ್, ರೋಮಿಯೊ, ಜೂಲಿಯೆಟ್, ಮತ್ತು ಮಗನ ಗಡೀಪಾರಿನ ಕೊರಗಿನಲ್ಲಿ ತೆರೆಯ ಹಿಂದೆಯೇ ತೀರಿಕೊಳ್ಳುವ ರೋಮಿಯೊನ ತಾಯಿ. ಇವುಗಳಲ್ಲಿ ಐದನ್ನು ಕೈಬಿಟ್ಟರೂ ಕಥೆ ನಿಲ್ಲುತ್ತದೆ. ಆರನ್ನೂ ಬಿಟ್ಟು, ಜಗಳಕ್ಕೆ ಯಾರೂ ಬೆಲೆ ತೆರದೆ, ಎರಡೂ ಮನೆಯವರು ಕೊನೆಯಲ್ಲಿ ಕೈಕೈ ಹಿಡಿದು ಕುಣಿದರೆ ನಿಮ್ಮ ಗೆಳೆಯರ ಮಾತು ನಿಜವಾಗುತ್ತದೆ.

ಈ ಜಗಳ ನಿಮ್ಮ ತಂಡದಲ್ಲೇ ಹುಟ್ಟಿದ್ದಲ್ಲ. 1660ರ ದಶಕದ ಲಂಡನ್ನಿನಲ್ಲಿ ಜೇಮ್ಸ್ ಹೊವಾರ್ಡ್ ಎಂಬಾತ ಇದೇ ನಾಟಕವನ್ನು ತಿದ್ದಿ ಪ್ರೇಮಿಗಳನ್ನು ಬದುಕಿಸಿದ್ದ. ಒಂದು ದಿನ ದುರಂತ, ಮರುದಿನ ಸುಖಾಂತ ಎಂದು ಸರದಿಯ ಮೇಲೆ ಎರಡನ್ನೂ ಆಡುತ್ತಿದ್ದರಂತೆ. ಮುಂದೆ 1748ರಲ್ಲಿ ನಟ ಡೇವಿಡ್ ಗ್ಯಾರಿಕ್ ಸಾವನ್ನು ಹಾಗೆಯೇ ಇಟ್ಟುಕೊಂಡ. ಆದರೆ ವಿಷ ಕುಡಿದ ರೋಮಿಯೊ ಇನ್ನೂ ಉಸಿರಾಡುತ್ತಿರುವಾಗಲೇ ಜೂಲಿಯೆಟ್‌ಗೆ ಎಚ್ಚರವಾಗುವಂತೆ ಮಾಡಿ, ಇಬ್ಬರಿಗೂ ಕೊನೆಯ ಮಾತುಕತೆಯೊಂದನ್ನು ಬರೆದ. ಆ ರೂಪ ಬಹುಕಾಲ ರಂಗದ ಮೇಲೆ ಉಳಿಯಿತು. 1935ರಲ್ಲಿ ರಷ್ಯಾದ ಸಂಗೀತಗಾರ ಪ್ರೊಕೊಫಿಯೆವ್ ಬ್ಯಾಲೆಗೆ ಸಂಗೀತ ಕಟ್ಟುವಾಗ ಮೊದಲು ಯೋಚಿಸಿದ್ದೂ ಸುಖಾಂತವನ್ನೇ. ಬದುಕಿರುವವರು ಕುಣಿಯಬಹುದು, ಸಾಯುತ್ತಿರುವವರು ಮಲಗಿಕೊಂಡು ಕುಣಿಯಲಾರರು ಎಂಬುದು ಆತನ ಸಮರ್ಥನೆಯಾಗಿತ್ತು. ಆಮೇಲೆ ಮನಸ್ಸು ಬದಲಿಸಿ ದುರಂತಕ್ಕೇ ಮರಳಿದ. ಕನ್ನಡಕ್ಕೂ ಈ ಕಥೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ‘ರಾಮವರ್ಮ–ಲೀಲಾವತಿ’ಯಾಗಿ ಬಂದಾಗ ಸುಖಾಂತವಾಗಿಯೇ ಬಂತು. ಮಂಗಳ ಹಾಡದೆ ಆಟ ಮುಗಿಸುವ ರೂಢಿಯೇ ಇಲ್ಲದ ರಂಗಭೂಮಿಗೆ ಅದು ಸಹಜವಾಗಿತ್ತು. ನಾಟಕ ಸಾವಿನಲ್ಲಿ ಮುಗಿಯಬಹುದು ಎಂಬುದನ್ನು ಬಿ.ಎಂ.ಶ್ರೀ, ಕುವೆಂಪು ಅವರಂಥವರು ನಮ್ಮಲ್ಲಿ ಹಟ ಹಿಡಿದು ನೆಲೆಗೊಳಿಸಿದ್ದು ಆಮೇಲೆ. ಕೊನೆಯನ್ನು ಮುಟ್ಟಿದವರೆಲ್ಲ ದಡ್ಡರಲ್ಲ, ವ್ಯಾಪಾರಿಗಳೂ ಅಲ್ಲ. ಸಾವನ್ನು ತೆಗೆದ ಮೇಲೆ ಆ ಜಾಗದಲ್ಲಿ ಏನನ್ನು ಇಟ್ಟರು ಎಂಬುದನ್ನು ನಾವು ನೋಡಬೇಕು.

ಆನಿಮೇಷನ್‌ನಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1837ರಲ್ಲಿ ಬರೆದ ಮತ್ಸ್ಯಕನ್ಯೆಯ ಕಥೆ ಎಷ್ಟು ಕಠೋರವಾದದ್ದೆಂದು ಡಿಸ್ನಿಯ ಚಿತ್ರವನ್ನಷ್ಟೇ ನೋಡಿದವರಿಗೆ ತಿಳಿದಿರಲಾರದು. ಅವಳ ನಾಲಿಗೆಯನ್ನೇ ಕತ್ತರಿಸುತ್ತಾರೆ. ಹೊಸ ಕಾಲುಗಳಲ್ಲಿ ಇಡುವ ಪ್ರತಿ ಹೆಜ್ಜೆಯೂ ಚೂರಿಯ ಮೇಲೆ ನಡೆದಂತೆ. ರಾಜಕುಮಾರ ಬೇರೊಬ್ಬಳನ್ನು ಮದುವೆಯಾಗುತ್ತಾನೆ. ಅವನನ್ನು ಇರಿದರೆ ನೀನು ಬದುಕುತ್ತೀ ಎಂದು ಅಕ್ಕಂದಿರು ತಮ್ಮ ಕೂದಲನ್ನೇ ಕೊಟ್ಟು ಚೂರಿ ತರುತ್ತಾರೆ, ಅವಳು ಆ ಚೂರಿಯನ್ನು ಕಡಲಿಗೆ ಎಸೆದು ನೊರೆಯಾಗುತ್ತಾಳೆ. ಜಪಾನಿನ ತೋಯೆ ಸ್ಟುಡಿಯೊದವರು 1975ರಲ್ಲಿ ಮಕ್ಕಳಿಗೆಂದೇ ಮಾಡಿದ ಆನಿಮೇಷನ್ ಚಿತ್ರದಲ್ಲಿ ಈ ದುಃಖಾಂತವನ್ನು ಹಾಗೆಯೇ ಉಳಿಸಿಕೊಂಡರು. ಮಕ್ಕಳಿಗೆ ಸಾವು ತೋರಿಸಲೇಬಾರದು ಎಂಬ ವಾದ ಇಲ್ಲಿಗೇ ಬಿದ್ದುಹೋಗುತ್ತದೆ. ಡಿಸ್ನಿಯವರ 1989ರ ಚಿತ್ರದಲ್ಲಿ ಹುಡುಗಿ ಬದುಕುತ್ತಾಳೆ, ಮದುವೆಯೂ ಆಗುತ್ತದೆ. ಹಾಗಿದ್ದೂ ಅದು ಹಗುರವಾದ ಚಿತ್ರ ಎಂದು ನನಗೆ ಅನ್ನಿಸಿಲ್ಲ. ಅದಕ್ಕೆ ಕಾರಣ ಕೊನೆಯ ಹೊತ್ತಿನ ಒಂದು ಗಳಿಗೆ. ಬಂಡೆಯ ಮೇಲೆ ಕುಳಿತ ಮಗಳನ್ನು ಕಡಲರಾಜ ದೂರದಿಂದ ನೋಡುತ್ತಾನೆ. ಇನ್ನು ಉಳಿದಿರುವುದು ಒಂದೇ ತೊಂದರೆ, ಅವಳಿಲ್ಲದೆ ನಾನಿರುವುದು ಹೇಗೆ ಎಂಬ ಅರ್ಥದ ಮಾತೊಂದನ್ನು ಹೇಳಿ ಅವಳಿಗೆ ಕಾಲುಗಳನ್ನು ಕೊಡುತ್ತಾನೆ. ಪ್ರೇಮಿಯ ಸಾವಿನಲ್ಲಿದ್ದ ನೋವನ್ನು ತಂದೆಯ ಅಗಲಿಕೆಗೆ ಸಾಗಿಸಿದರು. ಮಗುವಿನ ಪಕ್ಕದಲ್ಲಿ ಕುಳಿತ ಅಪ್ಪನ ಗಂಟಲು ಕಟ್ಟುವುದು ಅಲ್ಲಿ. ನಾನು ನಿಮ್ಮಿಂದ ಬಯಸುವುದು ಈ ಬಗೆಯ ಸಾಗಾಟವನ್ನು.

ನಿಮ್ಮ ಹಣದವರು 2011ರ ‘ನೋಮಿಯೊ ಅಂಡ್ ಜೂಲಿಯೆಟ್’ ಚಿತ್ರದ ಹೆಸರನ್ನು ಹೇಳಿಯೇ ಇರುತ್ತಾರೆ. ಅಕ್ಕಪಕ್ಕದ ಎರಡು ತೋಟಗಳ ಕೆಂಪು ಮತ್ತು ನೀಲಿ ಕುಬ್ಜ ಗೊಂಬೆಗಳ ಕಥೆ. ಜಗತ್ತಿನಾದ್ಯಂತ ಸುಮಾರು 19 ಕೋಟಿ ಡಾಲರ್ ಗಳಿಸಿದ ಚಿತ್ರವಾದ್ದರಿಂದ ಅವರ ಆಸೆ ಅರ್ಥವಾಗುವಂಥದ್ದೇ. ಅದರಿಂದ ಕಲಿಯಬೇಕಾದದ್ದು ಸುಖಾಂತವನ್ನಲ್ಲ, ಗೊಂಬೆಗಳನ್ನು ಯಾವುದರಿಂದ ಮಾಡಿದ್ದಾರೆ ಎಂಬುದನ್ನು. ಅವು ಪಿಂಗಾಣಿಯವು. ಬಿದ್ದರೆ ಚೂರಾಗುತ್ತವೆ. ರಕ್ತ ತೋರಿಸದೆ, ಸಾವು ಎಂಬ ಮಾತನ್ನೇ ಆಡದೆ, ಆ ಲೋಕದಲ್ಲಿ ಅಪಾಯ ಎಂದರೇನೆಂದು ನಾಲ್ಕು ವರ್ಷದ ಮಗುವಿಗೂ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ. ಇನ್ನೊಂದು ಪಾತ್ರವನ್ನೂ ಗಮನಿಸಿ: ಮನೆಯ ದಂಪತಿ ಬೇರೆಯಾದಾಗ ತನ್ನ ಸಂಗಾತಿಯನ್ನು ಕಳೆದುಕೊಂಡು, ಬೀಗ ಹಾಕಿದ ತೋಟದಲ್ಲಿ ವರ್ಷಗಟ್ಟಲೆ ಒಂಟಿಯಾಗಿ ಉಳಿದ ಪ್ಲಾಸ್ಟಿಕ್ ಫ್ಲೆಮಿಂಗೊ. ದೊಡ್ಡವರ ಜಗಳಕ್ಕೆ ಬೇರೆಯವರು ತೆರುವ ಬೆಲೆ ಆ ಒಂದು ಹಕ್ಕಿಯಲ್ಲಿದೆ, ಚಿತ್ರದ ಅತ್ಯುತ್ತಮ ಭಾಗ ಅದೇ. ಆದರೆ ಚೂರುಚೂರಾದ ಟಿಬಾಲ್ಟ್‌ನನ್ನು ಕೊನೆಯಲ್ಲಿ ಅಂಟು ಹಚ್ಚಿ ಮತ್ತೆ ನಿಲ್ಲಿಸುತ್ತಾರೆ. ಅಲ್ಲಿ ಚಿತ್ರ ತಾನೇ ಹಾಕಿಕೊಂಡ ನಿಯಮವನ್ನು ತಾನೇ ಮುರಿಯಿತು. ಅಂಟು ಹಾಕಿದರೆ ಸರಿಹೋಗುತ್ತದೆ ಎಂದಾದರೆ ಅಷ್ಟು ಹೊತ್ತು ನಾವು ಹೆದರಿದ್ದು ಯಾತಕ್ಕೆ?

ನಿಮ್ಮ ಗಾಳಿಪಟ ಪಿಂಗಾಣಿಗಿಂತ ಒಳ್ಳೆಯ ಆಯ್ಕೆ. ಕಾಗದ ಹರಿಯುತ್ತದೆ, ನೆನೆಯುತ್ತದೆ, ಬಿದಿರುಕಡ್ಡಿ ಮುರಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಪಟ ಮೇಲೇರುವುದೇ ಮನೆಯವರು ಹಿಡಿದ ದಾರದಿಂದ. ಅದೇ ದಾರಕ್ಕೆ ಗಾಜಿನ ಪುಡಿಯ ಮಾಂಜಾ ಹಚ್ಚಿ ಎದುರುಮನೆಯ ಪಟವನ್ನು ಕೊಯ್ಯು ಎನ್ನುವವರೂ ಮನೆಯವರೇ. ವೆರೋನಾದ ಆ ಎರಡು ಮನೆತನಗಳ ಕಥೆ ಇಷ್ಟೇ. ಇದನ್ನು ಯಾವ ಪಾತ್ರವೂ ಬಾಯಿಬಿಟ್ಟು ವಿವರಿಸದಂತೆ ನೋಡಿಕೊಳ್ಳಿ.

ಈಗ ಮರ್ಕ್ಯೂಶಿಯೊ. ನಿಮ್ಮ ಚಿತ್ರ ಉಳಿಯುವುದೂ ಮುಳುಗುವುದೂ ಇವನ ಮೇಲೆ. ನಾಟಕದ ಮೂರನೆಯ ಅಂಕದ ಮೊದಲ ದೃಶ್ಯದವರೆಗೆ ಶೇಕ್ಸ್‌ಪಿಯರ್ ಬರೆಯುತ್ತಿರುವುದು ಹೆಚ್ಚುಕಡಿಮೆ ಹಾಸ್ಯನಾಟಕ: ಮುಖವಾಡದ ಕುಣಿತ, ಗೋಡೆ ಹಾರುವ ಹುಡುಗ, ವಾಚಾಳಿ ದಾದಿ, ಗುಟ್ಟಿನ ಮದುವೆ. ಆಮೇಲೆ ಬಿಸಿಲಿನ ಬೀದಿಯಲ್ಲಿ ಟಿಬಾಲ್ಟ್ ಕಾಲು ಕೆರೆದು ಜಗಳಕ್ಕೆ ಬರುತ್ತಾನೆ. ಆಗಷ್ಟೇ ಅವನ ಬಂಧುವಾಗಿರುವ ರೋಮಿಯೊ ಕತ್ತಿ ಎತ್ತಲು ಒಪ್ಪುವುದಿಲ್ಲ. ಗೆಳೆಯನ ಈ ತಗ್ಗುವಿಕೆಯನ್ನು ಸಹಿಸಲಾಗದೆ ಮರ್ಕ್ಯೂಶಿಯೊ ಕತ್ತಿ ಹಿರಿಯುತ್ತಾನೆ. ಬಿಡಿಸಲು ರೋಮಿಯೊ ನಡುವೆ ನುಗ್ಗುತ್ತಾನೆ, ಅವನದೇ ತೋಳಿನ ಅಡಿಯಿಂದ ಟಿಬಾಲ್ಟ್‌ನ ಕತ್ತಿ ಗೆಳೆಯನನ್ನು ಇರಿಯುತ್ತದೆ. ಇರಿತಕ್ಕೆ ಸಿಕ್ಕವನು ಅದು ಬರೀ ತರಚು ಗಾಯ ಎನ್ನುತ್ತಾನೆ. ಸುತ್ತಲಿನವರು ಎಂದಿನ ತಮಾಷೆ ಎಂದುಕೊಳ್ಳುತ್ತಾರೆ. ಅವನು ಸಾಯುತ್ತಲೂ ಶ್ಲೇಷೆ ಮಾಡುತ್ತಾನೆ, ನಡುವೆ ಎರಡೂ ಮನೆಗಳಿಗೆ ಶಾಪ ಹಾಕುತ್ತಾನೆ. ಅವನು ಆ ಎರಡು ಮನೆಗಳಲ್ಲಿ ಯಾವುದಕ್ಕೂ ಸೇರಿದವನಲ್ಲ, ರಾಜನ ಬಂಧು. ಜಗಳದ ಮೊದಲ ಬೆಲೆ ತೆತ್ತವನಿಗೆ ಆ ಜಗಳದಲ್ಲಿ ಪಾಲೇ ಇರಲಿಲ್ಲ.

ನಿಮ್ಮ ಮರ್ಕ್ಯೂಶಿಯೊ ಎರಡೂ ತಾರಸಿಗಳಿಗೆ ಸೇರದ ಪಟವಾಗಿರಲಿ. ಬಣ್ಣದ ಕಾಗದ ಕೊಳ್ಳಲಾಗದ ಯಾವುದೋ ಹುಡುಗ ಹಳೆಯ ದಿನಪತ್ರಿಕೆಯಿಂದ ಮಾಡಿದ್ದು. ಮೈತುಂಬ ಅಚ್ಚಿನ ಅಕ್ಷರ. ತನ್ನ ಮೈಮೇಲಿನ ಜಾಹೀರಾತು, ಹವಾಮಾನ, ವರ್ಷಭವಿಷ್ಯವನ್ನೆಲ್ಲ ಅಭಿನಯ ಮಾಡಿ ಓದಿ ಎಲ್ಲರನ್ನೂ ನಗಿಸುವ ಪಾತ್ರ. ಮಕ್ಕಳು ಮೊದಲ ನಲವತ್ತು ನಿಮಿಷದಲ್ಲಿ ಪ್ರೀತಿಸುವುದು ಪ್ರೇಮಿಗಳನ್ನಲ್ಲ, ಇವನನ್ನು. ಮಾಂಜಾ ಅವನನ್ನು ಸೀಳಿದಾಗ ಮೊದಲು ಕಾಣುವುದು ಒಂದು ಸಾಲಿನ ನಡುವೆ ಕೂದಲೆಳೆಯಷ್ಟು ಗೀರು. ಅವನು ಆ ಸಾಲನ್ನೇ ಓದಲು ಹೊರಡುತ್ತಾನೆ, ಅರ್ಧ ಪದ ಸಿಗುವುದಿಲ್ಲ. ಅದನ್ನೂ ನಗೆಯಾಗಿಸುತ್ತಾನೆ. ಉಳಿದ ಪಟಗಳು ನಗುತ್ತವೆ, ಚಿತ್ರಮಂದಿರದ ಮಕ್ಕಳೂ ನಗುತ್ತಾರೆ. ಗೀರು ಮುಂದಿನ ಸಾಲಿಗೆ ಇಳಿಯುತ್ತದೆ. ಇಲ್ಲಿ ಸಂಗೀತ ಬೇಡ, ಕಾಗದ ಗಾಳಿಗೆ ಪಟಪಟ ಬಡಿಯುವ ಸದ್ದು ಮಾತ್ರ ಸಾಕು. ನಗು ನಿಲ್ಲಬೇಕಾದದ್ದು ಒಬ್ಬೊಬ್ಬರಾಗಿ, ಎಲ್ಲಕ್ಕಿಂತ ಕೊನೆಗೆ ರೋಮಿಯೊನದು. ಸೆಕೆಂಡಿಗೆ 24 ಚೌಕಟ್ಟಿನ ಲೆಕ್ಕದಲ್ಲಿ ಎಂಬತ್ತು ನಿಮಿಷವೆಂದರೆ 1,15,200 ಚೌಕಟ್ಟುಗಳು. ಸಣ್ಣ ತಂಡಕ್ಕೆ ಒಂದೊಂದೂ ದುಬಾರಿ ಎಂಬುದು ನನಗೆ ಗೊತ್ತು. ಆದರೂ ಏನೂ ನಡೆಯದ ಹತ್ತು ಸೆಕೆಂಡನ್ನು ಇಲ್ಲಿ ಮನಸಾರೆ ಖರ್ಚು ಮಾಡಿ. ಬಿಗಿ ತಪ್ಪಿತು ಎಂದು ಸಂಕಲನದಲ್ಲಿ ಮೊದಲು ಕತ್ತರಿಸಲು ಹೊರಡುವುದು ಈ ಹತ್ತು ಸೆಕೆಂಡನ್ನೇ, ಆಗ ಬಿಟ್ಟುಕೊಡಬೇಡಿ.

ಮತ್ತು ಅವನು ಮರಳಿ ಬರಕೂಡದು. ಅಂಟು ಬೇಡ, ಟೇಪು ಬೇಡ, ಕೊನೆಯ ಹಾಡಿನಲ್ಲಿ ಮೋಡದ ಮೇಲಿಂದ ಕೈಬೀಸುವುದೂ ಬೇಡ. ಸತ್ತಂತೆ ತೋರಿಸಿ ಎಬ್ಬಿಸುವ ತಂತ್ರವನ್ನು ಮಕ್ಕಳು ಎಷ್ಟೋ ಚಿತ್ರಗಳಲ್ಲಿ ನೋಡಿ ಪಳಗಿದ್ದಾರೆ, ಕಾಯುತ್ತಾ ಕೂರುತ್ತಾರೆ. ಅವರು ಕಾದದ್ದು ಆಗದಿದ್ದಾಗ ಜಗಳದ ಬೆಲೆ ಅವರಿಗೆ ತಿಳಿಯುತ್ತದೆ. 1942ರ ‘ಬ್ಯಾಂಬಿ’ಯಲ್ಲಿ ಜಿಂಕೆಮರಿಯ ತಾಯಿಯ ಸಾವನ್ನು ತೋರಿಸುವುದೇ ಇಲ್ಲ: ಗುಂಡಿನ ಸದ್ದು, ಹಿಮ, ಇನ್ನು ನಿನ್ನಮ್ಮ ನಿನ್ನ ಜೊತೆ ಇರಲಾರಳು ಎಂಬ ತಂದೆಯ ಮಾತು, ಅಷ್ಟೇ. ಆದರೆ ಅವಳು ಮತ್ತೆ ಬರುವುದಿಲ್ಲ. ತಲೆಮಾರುಗಳ ಮಕ್ಕಳು ಅದನ್ನು ತಾಳಿಕೊಂಡಿದ್ದಾರೆ, ಅಪ್ಪ ಅಮ್ಮಂದಿರ ಪಕ್ಕದಲ್ಲಿ ಕುಳಿತು ಅತ್ತಿದ್ದಾರೆ. ಕುಟುಂಬಚಿತ್ರ ಇರುವುದು ಇದಕ್ಕೂ ಅಲ್ಲವೇ?

ಪ್ರೇಮಿಗಳ ಆತ್ಮಹತ್ಯೆಯನ್ನು ಮಾತ್ರ ತೆಗೆಯಲೇಬೇಕು, ಯಾವ ಸಂಕೇತದ ರೂಪದಲ್ಲೂ ಉಳಿಸಬೇಡಿ. ಬೇರೆಯವರ ಕೈಯಿಂದ ಆದ ಸಾವನ್ನು ಮಗು ನಷ್ಟವೆಂದು ತಿಳಿಯುತ್ತದೆ. ತಾನಾಗಿ ತಂದುಕೊಂಡ ಸಾವನ್ನು, ಅದರಲ್ಲೂ ಮಧುರವಾದ ಸಂಗೀತದ ಜೊತೆಗೆ ಬಂದದ್ದನ್ನು, ಸಂಕಟಕ್ಕೊಂದು ಉತ್ತರವೆಂದು ತಿಳಿಯುವ ಅಪಾಯವಿದೆ. ಆದ್ದರಿಂದ ಪಟಗಳು ತಮ್ಮ ದಾರವನ್ನು ತಾವೇ ಕೊಯ್ದುಕೊಳ್ಳುವ ದೃಶ್ಯ ನಿಮ್ಮ ಕಡತದಲ್ಲಿ ಇದ್ದರೆ ಹರಿದುಹಾಕಿ. ಎಷ್ಟೇ ಸುಂದರವಾಗಿ ಬಂದಿದ್ದರೂ ಸರಿಯೇ.

ಅದರ ಬದಲು ದೊಡ್ಡವರು ಕೈಬಿಟ್ಟದ್ದನ್ನು ಪೂರ್ತಿಯಾಗಿ ತೋರಿಸಿ. ಇಡೀ ನಾಟಕದಲ್ಲಿ ಮಕ್ಕಳಿಗೆ ವಿವರಣೆಯೇ ಬೇಡದ ದೃಶ್ಯವೆಂದರೆ ಮೂರನೆಯ ಅಂಕದ ಕೊನೆಯದು. ಪ್ಯಾರಿಸ್‌ನನ್ನು ಮದುವೆಯಾಗದಿದ್ದರೆ ಬೀದಿಗೆ ತಳ್ಳುತ್ತೇನೆ ಎಂದು ಅಪ್ಪ ಅಬ್ಬರಿಸುತ್ತಾನೆ, ಅಮ್ಮ ಮುಖ ತಿರುಗಿಸುತ್ತಾಳೆ. ಇನ್ನೂ ಹದಿನಾಲ್ಕು ತುಂಬದ ಹುಡುಗಿ ಕೊನೆಗೆ, ಮೊಲೆಯುಣಿಸಿ ಬೆಳೆಸಿದ ದಾದಿಯ ಕಡೆ ನೋಡುತ್ತಾಳೆ. ದಾದಿ ಹೇಳುವುದು: ಪ್ಯಾರಿಸ್‌ನನ್ನೇ ಮದುವೆಯಾಗು, ರೋಮಿಯೊ ಅವನ ಮುಂದೆ ಏನೂ ಅಲ್ಲ. ಅಲ್ಲಿಂದ ಜೂಲಿಯೆಟ್ ಆ ಮನೆಯಲ್ಲಿ ಒಂಟಿ. ನಿಮ್ಮ ಚಿತ್ರದಲ್ಲಿ ದಾದಿಯ ಪಾತ್ರಕ್ಕೆ ದಾರದ ಉಂಡೆಗಿಂತ ತಕ್ಕದ್ದಿಲ್ಲ. ಇಷ್ಟು ದಿನ ಗುಟ್ಟಾಗಿ ದಾರ ಬಿಡುತ್ತಾ ಬಂದವಳು, ಅಂದು ಮಾತಾಡದೆ ಸುತ್ತಿಕೊಳ್ಳತೊಡಗುತ್ತಾಳೆ. ಸುತ್ತು ಒಂದೊಂದಾಗಿ ಏರಿದಂತೆ ಪಟ ಕೆಳಗೆ ಬರುತ್ತದೆ.

ಪ್ರೇಮದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎಂಟು ವರ್ಷದವರಿಗೆ ನಿಟ್ಟುಸಿರು ಬೇಸರ ತರಿಸುತ್ತದೆ, ಆಟ ತರಿಸುವುದಿಲ್ಲ. ಕುಣಿತದ ರಾತ್ರಿ ರೋಮಿಯೊ–ಜೂಲಿಯೆಟ್ ಮೊದಲ ಬಾರಿ ಆಡುವ ಮಾತುಗಳು ಒಟ್ಟಾಗಿ ಹದಿನಾಲ್ಕು ಸಾಲಿನ ಒಂದು ಸುನೀತವಾಗುತ್ತವೆ. ಅವನು ಎತ್ತಿದ ಪ್ರಾಸಕ್ಕೆ ಅವಳು ಜೊತೆ ಕೂಡಿಸುತ್ತಾಳೆ. ಪಟಗಳಿಗೂ ಅಂಥದ್ದೇ ಕೊಡಿ: ಒಂದು ಆಕಾಶದಲ್ಲಿ ಅರ್ಧ ಸುತ್ತು ಬರೆಯಲಿ, ಇನ್ನೊಂದು ಬಾಲಂಗೋಚಿ ಆಡಿಸುತ್ತಾ ಬಂದು ಉಳಿದರ್ಧ ಮುಗಿಸಲಿ. ಇಬ್ಬರಿಗೂ ಒಬ್ಬರೊಬ್ಬರ ಆಟ ಅರ್ಥವಾಗುತ್ತದೆ ಎಂಬುದು ಗೊತ್ತಾದರೆ ಸಾಕು.

ಇನ್ನು ಕೊನೆ. ನನ್ನ ಸಲಹೆ ಹೀಗಿದೆ. ಎರಡೂ ಮನೆಯವರು ಪಟಗಳನ್ನು ಬಲವಂತವಾಗಿ ಕಾದಾಟಕ್ಕೆ ಬಿಡುತ್ತಾರೆ. ಎಳಿ, ಇನ್ನೂ ಎಳಿ ಎಂಬ ಕೂಗು ಎರಡೂ ತಾರಸಿಗಳಿಂದ. ದಾರಕ್ಕೆ ದಾರ ಉಜ್ಜಿ ಎರಡೂ ಒಟ್ಟಿಗೇ ತುಂಡಾಗುತ್ತವೆ. ಪಟಗಳು ಮನೆಗಳ ಮೇಲಿಂದ ತೇಲಿ ಕಣ್ಮರೆಯಾಗುತ್ತವೆ. ಅವು ಎಲ್ಲೋ ದೂರದಲ್ಲಿ ಕ್ಷೇಮವಾಗಿವೆ, ಒಟ್ಟಿಗಿವೆ ಎಂಬುದನ್ನು ಪ್ರೇಕ್ಷಕರಿಗೆ ತೋರಿಸಿ, ಹಣದವರ ಷರತ್ತು ಅಲ್ಲಿಗೆ ಪೂರೈಸಿತು. ಮನೆಯವರಿಗೆ ಮಾತ್ರ ಅದು ಎಂದೂ ತಿಳಿಯಕೂಡದು. ಮೂಲದಲ್ಲಿ ಗೋರಿಯೊಳಗಿನ ದೃಶ್ಯ ನಮ್ಮನ್ನು ಹಿಂಡುವುದು ಇದೇ ಯುಕ್ತಿಯಿಂದ: ಸತ್ತಂತೆ ಮಲಗಿಸುವ ಮದ್ದು ಕುಡಿದ ಜೂಲಿಯೆಟ್ ಬದುಕಿದ್ದಾಳೆಂದು ನಮಗೆ ಗೊತ್ತು, ರೋಮಿಯೊಗೆ ಗೊತ್ತಿಲ್ಲ. ಪ್ಲೇಗಿನ ದಿಗ್ಬಂಧನದಲ್ಲಿ ಸಿಕ್ಕಿಬಿದ್ದ ಸನ್ಯಾಸಿಯ ಕೈಯಲ್ಲಿ ಅದನ್ನು ತಿಳಿಸುವ ಪತ್ರ ಉಳಿದುಹೋಗಿದೆ. ಆ ಅರಿಯದಿರುವಿಕೆಯನ್ನು ನೀವು ಪ್ರೇಮಿಯಿಂದ ತೆಗೆದು ತಂದೆತಾಯಿಯರ ಮೇಲೆ ಹೊರಿಸುತ್ತೀರಿ. ಪತ್ರ ತಲುಪದೆ ಹೋದದ್ದು ಈ ಬಾರಿ ದೊಡ್ಡವರಿಗೆ. ಶೇಕ್ಸ್‌ಪಿಯರ್‌ನಲ್ಲಿ ಇಬ್ಬರು ಅಪ್ಪಂದಿರು ಮಕ್ಕಳ ಚಿನ್ನದ ಪ್ರತಿಮೆ ನಿಲ್ಲಿಸುವ ಮಾತಾಡುತ್ತಾರೆ. ನಿಮ್ಮ ಬೀದಿಯಲ್ಲಿ ಬಿದ್ದಿರುವುದು ಗೋಜಲಾದ ಎರಡು ಬಣ್ಣದ ದಾರಗಳು. ಎರಡೂ ಕಡೆಯವರು ಕೂತು ಬಿಡಿಸಲಿ. ಅಪ್ಪಿಕೊಳ್ಳುವುದು, ಕುಣಿಯುವುದು ಬೇಡ, ಬೆರಳುಗಳನ್ನು ಸಮೀಪದಿಂದ ತೋರಿಸಿ. ಮಾಂಜಾ ಹಚ್ಚಿದ ದಾರವಾದ್ದರಿಂದ ಬೆರಳು ಕುಯ್ಯುತ್ತದೆ, ಅದೂ ಕಾಣಲಿ.

ವ್ಯವಹಾರದ ಎರಡು ಮಾತು. ಶೇಕ್ಸ್‌ಪಿಯರ್‌ನ ನಾಟಕಕ್ಕೆ ಹಕ್ಕುಸ್ವಾಮ್ಯದ ತೊಡಕಿಲ್ಲ. ಕನ್ನಡ ಅನುವಾದಗಳಿಗೆ ಇರಬಹುದು: ನಮ್ಮ ಕಾಯ್ದೆಯಂತೆ ಅನುವಾದಕರು ತೀರಿಕೊಂಡು ಅರವತ್ತು ವರ್ಷ ಕಳೆಯುವವರೆಗೂ ಅವರ ಮಾತುಗಳ ಹಕ್ಕು ವಾರಸುದಾರರದು. ಆದ್ದರಿಂದ ಸಂಭಾಷಣೆಯನ್ನು ನೀವೇ ಬರೆಯಿರಿ. ಸೆನ್ಸಾರ್ ಪ್ರಮಾಣಪತ್ರದ ವಿಷಯದಲ್ಲಿ ಹೆದರಿಕೆ ಬೇಡ. 2024ರಿಂದ ಯುಎ ವರ್ಗವನ್ನು 7+, 13+, 16+ ಎಂದು ಮೂರಾಗಿ ಮಾಡಿದ್ದಾರೆ. ಕಾಗದ ಹರಿಯುವ ಚಿತ್ರಕ್ಕೆ ಯು ಸಿಗಬಹುದು, ಹೆಚ್ಚೆಂದರೆ ಯುಎ 7+. ನೀವು ಹೇಳಿದ ವಯಸ್ಸಿಗೆ ಎರಡೂ ಅಡ್ಡಿಯಲ್ಲ. ನೈಲಾನ್ ಮಾಂಜಾವನ್ನು ಮಾತ್ರ ಮೋಜಿನ ವಸ್ತುವಾಗಿ ತೋರಿಸಬೇಡಿ. ಹಕ್ಕಿಗಳನ್ನೂ ಮನುಷ್ಯರನ್ನೂ ಕೊಂದಿರುವ ದಾರ ಅದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ಅದನ್ನು ನಿಷೇಧಿಸಿದೆ.

ಬಣ್ಣ ತುಂಬುವ ಕೆಲಸಕ್ಕೆ ಕೈಹಾಕುವ ಮೊದಲು ಕಚ್ಚಾ ರೇಖಾಚಿತ್ರಗಳನ್ನು ತಾತ್ಕಾಲಿಕ ಧ್ವನಿಯೊಂದಿಗೆ ಜೋಡಿಸಿದ ಆನಿಮ್ಯಾಟಿಕ್ ಅನ್ನು ಮಕ್ಕಳಿಗೂ ಅವರ ಮನೆಯವರಿಗೂ ಒಟ್ಟಿಗೆ ತೋರಿಸಿ. ಇಷ್ಟವಾಯಿತೇ ಎಂದು ಕೇಳಬೇಡಿ, ಎಲ್ಲರೂ ಹೌದು ಎನ್ನುತ್ತಾರೆ. ಮರುದಿನ ಆ ಮಕ್ಕಳಿಂದ ಕಥೆ ಹೇಳಿಸಿ. ದಿನಪತ್ರಿಕೆಯ ಪಟ ಏನಾಯಿತೆಂಬುದನ್ನು ಅವರು ಬಿಟ್ಟು ಹೇಳಿದರೆ ಆ ದೃಶ್ಯ ಇನ್ನೂ ಆಗಿಲ್ಲ ಎಂದು ತಿಳಿದು ಮತ್ತೆ ಕೂರಬೇಕು. ಅವನು ಯಾಕೆ ವಾಪಸು ಬರಲಿಲ್ಲ ಎಂದು ಸಿಟ್ಟಿನಿಂದ ಕೇಳಿದರೆ ಏನನ್ನೂ ಮುಟ್ಟಬೇಡಿ. ಹಣ ಹಾಕುವವರಿಗೂ ಇದೇ ಆನಿಮ್ಯಾಟಿಕ್ ತೋರಿಸಿ, ಪ್ರೇಮಿಗಳು ಬದುಕುತ್ತಾರೆ ಎಂಬ ಅವರ ಷರತ್ತಿನ ಕೆಳಗೆ ಆ ಪಟಕ್ಕೆ ಯಾರೂ ಅಂಟು ಹಚ್ಚುವುದಿಲ್ಲ ಎಂಬ ನಿಮ್ಮ ಷರತ್ತನ್ನೂ ಬರೆಸಿ, ಆಮೇಲೆ ಒಪ್ಪಂದಕ್ಕೆ ಸಹಿ ಹಾಕಿ.